ಕಸದಬುಟ್ಟಿಗೆ ಎರಡು ಮುಖ

ಗುಬ್ಬಿಯಲ್ಲಿ ಬ್ಲೌಸ್ ಹೊಲಿಯುವ ನನ್ನ ದೊಡ್ಡಮ್ಮನಿಗೆ ಅವಳ ಮಗಳು ಒಂದು ಹಳೆಯ ಕಂಪ್ಯೂಟರ್ ತಂದುಕೊಟ್ಟಳು, ಕತ್ತಿನ ಡಿಸೈನುಗಳನ್ನು ಗಿರಾಕಿಗಳಿಗೆ ದೊಡ್ಡದಾಗಿ ತೋರಿಸಲಿ ಅಂತ. ವಾರ ಕಳೆಯುವುದರೊಳಗೆ ಬಟವಾಡಿಯ ನನ್ನ ಫ್ಲೆಕ್ಸ್ ಅಂಗಡಿಗೆ ದೊಡ್ಡಮ್ಮನ ಫೋನ್ ಬಂತು.

"ಎಲ್ಲಾ ಒಂದೇ ಥರ ಹಳದಿ ಡಬ್ಬ ಕಣೋ. ಯಾವುದ್ರಲ್ಲಿ ಉಪ್ಪು, ಯಾವುದ್ರಲ್ಲಿ ಸಕ್ಕರೆ ಅಂತ ಹೆಂಗೆ ಗೊತ್ತಾಗ್ಬೇಕು?"

ಪ್ರತಿ ಫೋಲ್ಡರಿನ ಕೆಳಗೆ ಕನ್ನಡದಲ್ಲೇ ಹೆಸರಿದೆಯಲ್ಲ ಅಂದೆ. ಇರುವೆ ಸಾಲು ಇದ್ದಂಗಿದೆ ಅಂದಳು. ಕನ್ನಡಕ ಹಾಕ್ಕೋ ಅಂತ ಅವಳಿಗೆ ಹೇಳುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ.

ಭಾನುವಾರ ಹೋದೆ. ಫೋಲ್ಡರಿಗೆ ನಮಗೆ ಬೇಕಾದ ಚಿತ್ರ ಇಡಬಹುದು ಅಂತ ಗೊತ್ತಿತ್ತು, ಹೇಗೆ ಅಂತ ಗೊತ್ತಿರಲಿಲ್ಲ. ಫೋಟೋ ಫೈಲಿನ ಹೆಸರಿನ ಬಾಲದಲ್ಲಿದ್ದ ಜೆಪಿಜಿ ಅಳಿಸಿ, ಐಕಾನ್ ಚಿತ್ರಗಳಿಗಿರುವ ಐಸಿಓ ಅಂತ ಬರೆದೆ. ಕಂಪ್ಯೂಟರ್ ಒಪ್ಪಲಿಲ್ಲ.

"ಹೆಸ್ರು ಬದ್ಲಾಯ್ಸಿದ್ರೆ ಲಂಗ ಸೀರೆ ಆಗುತ್ತೇನ್ಲಾ?" ಅಂದಳು ದೊಡ್ಡಮ್ಮ, ಹೊಲಿಗೆ ನಿಲ್ಲಿಸದೆ.

ಆಮೇಲೆ ಸರಿಯಾಗಿ ಕಲಿತೆ. ಫೋಟೋವನ್ನು ಚೌಕಾಕಾರಕ್ಕೆ ಕತ್ತರಿಸಿ, ಹಿಂದಿನ ಗೋಡೆ ಬಾಗಿಲು ಎಲ್ಲ ಅಳಿಸಿ, ಒಂದು ವೆಬ್‌ಸೈಟಿಗೆ ಹಾಕಿದರೆ ಅದು ಐಕಾನ್ ಫೈಲ್ ಮಾಡಿ ಕೊಡುತ್ತಿತ್ತು. ಬೋಟ್ ನೆಕ್ ಫೋಲ್ಡರಿಗೆ ಟೀಚರೊಬ್ಬರ ಬೆನ್ನು ಬಂತು. ಮದುವೆ ಬ್ಲೌಸುಗಳಿಗೆ ದೊಡ್ಡಮ್ಮನ ಸೊಸೆಯ ಮೂಗುತಿ. ಕರೆಂಟ್ ಬಿಲ್ ಕಟ್ಟುವ ಶಾರ್ಟ್‌ಕಟ್ಟಿಗೆ ಬಿಲ್ ಬಂದ ದಿನದ ದೊಡ್ಡಪ್ಪನ ಮುಖ.

"ಈ ಮೂಲೇಲಿರೋದು ಏನು?"

"ಕಸದಬುಟ್ಟಿ. ಬೇಡ ಅಂತ ಅಳಿಸಿದ್ದೆಲ್ಲ ಇದ್ರಲ್ಲಿ ಉಳ್ಕೊಳ್ಳುತ್ತೆ."

"ಹಂಗಾದ್ರೆ ನನ್ ಮೈದುನನ್ನ ಹಾಕು."

ಅವಳ ಮೈದುನ ಕುಣಿಗಲ್‌ನಲ್ಲಿದ್ದಾನೆ. ಹರಿದ ಸೈಕಲ್ ಟ್ಯೂಬ್, ನಿಂತುಹೋದ ಗಡಿಯಾರ, ಹಿಡಿ ಕಿತ್ತ ಬಾಣಲೆ, ಯಾವುದನ್ನೂ ಎಸೆದವನಲ್ಲ. ಬೇರೆಯವರು ಎಸೆದದ್ದನ್ನೂ ಎತ್ತಿಟ್ಟುಕೊಳ್ಳುತ್ತಾನೆ. ಈ ಬುಟ್ಟಿಗೆ ಎರಡು ಐಕಾನ್ ಬೇಕು, ಖಾಲಿಯಿದ್ದಾಗ ಒಂದು, ತುಂಬಿದಾಗ ಒಂದು. ಖಾಲಿಗೆ ಅವನ ಲೈಸೆನ್ಸಿನ ಬಿಗಿದ ಮುಖ ಹಾಕಿದೆ. ತುಂಬಿದ್ದಕ್ಕೆ ಯಾರದೋ ಬೀಗರೂಟದಲ್ಲಿ ಬಾಯಿ ತುಂಬ ನಗುತ್ತಿದ್ದ ಮುಖ.

ಮುಂದಿನ ತಿಂಗಳು ನಾನು ಅಲ್ಲಿದ್ದಾಗಲೇ ಅವನು ಹೆಂಡತಿಯ ಬ್ಲೌಸ್ ಒಯ್ಯಲು ಬಂದ. ಕುರ್ಚಿಯಲ್ಲಿ ಕೂತವನಿಗೆ ಪರದೆಯ ಮೂಲೆಯಲ್ಲಿ ತನ್ನ ಮೀಸೆ ಕಂಡಿತು.

"ನಾನ್ಯಾಕೆ ಇಲ್ಲಿದೀನಿ ಅತ್ತಿಗೆ?"

ನಾನು ಎದ್ದು ನೀರು ಕುಡಿಯಲು ಹೋಗುವವನಿದ್ದೆ. ದೊಡ್ಡಮ್ಮ ಮಾತ್ರ ಒಂದು ಫೈಲ್ ಅಳಿಸಿ ತೋರಿಸಿದಳು. ಮೂಲೆಯ ಬಿಗಿದ ಮುಖ ತಟ್ಟನೆ ನಕ್ಕಿತು. ಅವನು ನಗಲಿಲ್ಲ.

"ಕಸದಬುಟ್ಟಿನಾ?" ಅಂದ, ಮೆಲ್ಲಗೆ.

ಅವನ ಮುಖ ನೋಡಿ ನನಗೆ ನಿಜವಾಗಿಯೂ ಬೇಜಾರಾಯಿತು. ಅಷ್ಟರಲ್ಲಿ ದೊಡ್ಡಮ್ಮ ಪರದೆಗೆ ಮೂಗು ತಾಗಿಸಿ ನೋಡಿ, "ಅಯ್ಯೋ, ಮದ್ವೆ ಬ್ಲೌಸಿಂದೇ ಹೋಯ್ತಲ್ಲೋ" ಅಂದಳು. ತೋರಿಸುವ ಭರದಲ್ಲಿ ಇಡೀ ಫೋಲ್ಡರನ್ನೇ ಅಳಿಸಿದ್ದಳು.

ನಾನು ಅವನ ನಗುಮುಖದ ಮೇಲೆ ಎರಡು ಸಲ ಒತ್ತಿದೆ. ಫೋಲ್ಡರ್ ಅಲ್ಲೇ ಇತ್ತು. ವಾಪಸ್ ತೆಗೆದುಕೊಟ್ಟೆ.

ಮೈದುನ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. "ನೋಡಿದ್ರಾ? ಇದಕ್ಕೇ ನಾನು ಏನನ್ನೂ ಎಸೆಯಲ್ಲ."

"ಅದಕ್ಕೇ ನಿನ್ನನ್ನ ಅಲ್ಲಿಟ್ಟಿರೋದು ಬುಡು," ಅಂದಳು ದೊಡ್ಡಮ್ಮ. ಅದು ಸುಳ್ಳಂತೂ ಅಲ್ಲ.

ಹೋಗುವಾಗ, ಆ ಬುಟ್ಟಿಯನ್ನು ಯಾರೂ ಖಾಲಿ ಮಾಡಬಾರದು ಅಂತ ನನಗೆ ತಾಕೀತು ಮಾಡಿದ. ಹದಿನೈದು ದಿನಕ್ಕೆ ಕುಣಿಗಲ್‌ನ ಸ್ಟುಡಿಯೋದಲ್ಲಿ ಹೊಸ ಫೋಟೋ ತೆಗೆಸಿ ಕಳಿಸಿದ: ತಲೆಯಿಂದ ಕಾಲಿನವರೆಗೆ, ಇಸ್ತ್ರಿ ಅಂಗಿ, ಕೈಯಲ್ಲಿ ವಾಚು. ಐಕಾನ್ ಮಾಡಿದರೆ ಜೀರಿಗೆ ಕಾಳಿನಷ್ಟು ಕಂಡ. ಕುತ್ತಿಗೆಯಿಂದ ಮೇಲಕ್ಕೆ ಕತ್ತರಿಸಿ ಹಾಕಿ, ಪರದೆಯ ಫೋಟೋ ತೆಗೆದು ಅವನಿಗೆ ಕಳಿಸಿದೆ. ಸಂಜೆ ಅವನ ಫೋನ್ ಬಂತು.

"ಮುಖ ಚೆನ್ನಾಗೈತೆ. ಅಂಗಿ ಎಲ್ಲಿ ಹೋಯ್ತು?"