ಗಂಟೆಗೆ ಎಷ್ಟು ಅಂಗಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲೊಂದು ಲಾಂಡ್ರಿ. ಮುಂದೆ ಬಟ್ಟೆ ಕೊಟ್ಟು ತೆಗೆದುಕೊಳ್ಳುವ ಕಟ್ಟೆ, ಹಿಂದೆ ಕಿಟಕಿಯಿಲ್ಲದ ಉದ್ದನೆಯ ಕೋಣೆ, ಅದರೊಳಗೆ ಸಾಲಾಗಿ ನಾಲ್ಕು ಇಸ್ತ್ರಿ ಮೇಜು. ಬಾಗಿಲಿಗೆ ಹತ್ತಿರದ್ದು ಸರಸರಕ್ಕನದು. ಹೆತ್ತವರು ಇಟ್ಟ ಹೆಸರು ಕಾಗದಪತ್ರಕ್ಕಷ್ಟೇ. ಬೀದಿಯ ಬಾಯಲ್ಲಿ ಅವಳು ಸರಸರಕ್ಕ. ಕೈ ಹಾಗಿತ್ತು. ನೀವು ಅಂಗಿ ಕೊಟ್ಟು ಚಿಲ್ಲರೆಗೆಂದು ಜೇಬು ತಡಕುವಷ್ಟರಲ್ಲಿ ಅದು ಮಡಚಿಕೊಂಡು ನಿಮ್ಮ ಮುಂದೆ ಕೂತಿರುತ್ತಿತ್ತು.

ಅಲ್ಲಿ ಕೂಲಿ ಬಟ್ಟೆಯ ಲೆಕ್ಕದ್ದು. ಉಜ್ಜಿದಷ್ಟು ದುಡ್ಡು. ಗೋಡೆಯ ಗಡಿಯಾರ ನಿಂತು ಯಾವ ಕಾಲವಾಗಿತ್ತೋ, ಅದನ್ನು ಸರಿಮಾಡಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಬೆಳಕು ಹರಿದಾಗ ಬರಬೇಕು, ಬಟ್ಟೆಯ ಗಂಟು ಬರಿದಾದಾಗ ಹೋಗಬೇಕು, ಅಷ್ಟೇ. ಸರಸರಕ್ಕನಿಗೆ ಇದ್ದ ಗಡಿಯಾರವೆಂದರೆ ಒಂದು ಜೋಗುಳ. ಮಗಳನ್ನು ತೂಗುವಾಗ ಕಲಿತದ್ದು. ಮೊದಲ ಸಾಲಿಗೆ ಕಾಲರ್, ಎರಡನೆಯದಕ್ಕೆ ತೋಳು, ಮೂರಕ್ಕೆ ಬೆನ್ನು, ನಾಲ್ಕಕ್ಕೆ ಎದೆ. ಒಂದು ನುಡಿ ಮುಗಿದರೆ ಒಂದು ಅಂಗಿ ಮುಗಿಯಿತು.

ಮಗಳು ಶಾಲೆಯ ಕೊನೆಯ ವರ್ಷದಲ್ಲಿದ್ದಳು. ನರ್ಸ್ ಆಗಬೇಕೆಂದು ಹಟ ಹಿಡಿದಿದ್ದಳು. ತಾಯಿಗೆ ಅದಕ್ಕಿಂತ ದೊಡ್ಡ ಹಟ: ಮಗಳು ಏನು ಬೇಕಾದರೂ ಆಗಲಿ, ಈ ಮೇಜಿನ ಮುಂದೆ ಮಾತ್ರ ನಿಲ್ಲಬಾರದು. ಬಾಡಿಗೆ ವ್ಯಾನು ಓಡಿಸುವ ಗಂಡ ಮಾತಿನಲ್ಲೇ ಮಹಡಿ ಮನೆ ಕಟ್ಟುವ ಆಸಾಮಿ, ಅವನ ಸಂಪಾದನೆ ವ್ಯಾನಿನ ಹೊಟ್ಟೆಗೇ ಸಾಲುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಪರದೇಶದಲ್ಲಿದ್ದ ತಂಗಿ ಫೋನು ಮಾಡಿದಳು. ಅಲ್ಲಿ ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಕೆಲಸ ಅವಳದು.

"ಅಕ್ಕ, ಇಲ್ಲಿ ಇಸ್ತ್ರಿ ಮಾಡೋಕೆ ಒಬ್ಬರು ಬೇಕಂತೆ. ಬರ್ತೀಯಾ? ಗಂಟೆ ಲೆಕ್ಕದಲ್ಲಿ ಕೂಲಿ."

"ಗಂಟೆಗಾ? ದುಡಿಯೋದು ಕೈ, ಕೂಲಿ ಗಡಿಯಾರಕ್ಕಾ?"

"ಕೈ ಕಟ್ಕೊಂಡು ನಿಂತಿದ್ರೂ ಕೊಡ್ತಾರೆ ಕಣಕ್ಕ."

"ಸುಮ್ನಿರೇ. ನಿಂತಿದ್ದಕ್ಕೆ ದುಡ್ಡು ಕೊಡೋ ಪುಣ್ಯಾತ್ಮರು ಯಾವ ಲೋಕದಲ್ಲಿದಾರೆ?"

ತಂಗಿ ಮೊತ್ತ ಹೇಳಿದಳು. ಸರಸರಕ್ಕ ಅದನ್ನು ತನಗೆ ಗೊತ್ತಿದ್ದ ನಾಣ್ಯಕ್ಕೆ ಬದಲಿಸಿಕೊಂಡಳು. ಐವತ್ತು ಅಂಗಿ. ಇಲ್ಲಿ ಬೆನ್ನು ಮುರಿದುಕೊಂಡು ಐವತ್ತು ಅಂಗಿ ಉಜ್ಜಿದರೆ ಬರುವುದು ಅಲ್ಲಿ ಒಂದೇ ಗಂಟೆಗೆ. ಫೋನಿಗೆ ಕಿವಿಯಿಟ್ಟಿದ್ದ ಗಂಡ ಆಗಲೇ ಗುಣಿಸತೊಡಗಿದ್ದ. "ದಿನಕ್ಕೆ ಹದಿಮೂರು ಗಂಟೆ ಅಂತಿಟ್ಕೊ..."

"ಭಾವ, ಎಂಟು ಗಂಟೆ ಆದ್ರೆ ಇಲ್ಲಿ ಮನೆಗೆ ಅಟ್ತಾರೆ," ಎಂದು ತಂಗಿ ನಕ್ಕಳು.

"ಅಟ್ಟಿದ್ರೆ ಅಟ್ಟಲಿ ಬಿಡು," ಎಂದ ಅವನು, ಗುಣಿಸುವುದನ್ನು ಬಿಡದೆ. "ಎಂಟಾದ್ರೂ ನಾನೇನು ಬೇಡ ಅನ್ನಲ್ಲ."

ಲಾಂಡ್ರಿ ಯಜಮಾನನೂ ತಡೆಯಲಿಲ್ಲ. "ಹೋಗಿ ಬನ್ನಿ ಅಕ್ಕ. ಈ ಕೈ ವಾಪಸ್ ಬಂದ್ರೆ ಮೇಜು ನಿಮ್ದೇ," ಎಂದ. ಮೂರು ವರ್ಷದ ಕರಾರು ಕಾಗದವಾಯಿತು. ಹೊರಡುವ ದಿನ ಮಗಳ ಗಲ್ಲ ಹಿಡಿದು, "ನೀನು ಓದು. ಫೀಸಿನ ಚಿಂತೆ ನಂದು," ಎಂದು ಹೇಳಿ ಸರಸರಕ್ಕ ವಿಮಾನ ಹತ್ತಿದಳು.

ಆ ಹೋಟೆಲಿನ ಲಾಂಡ್ರಿ ನೆಲಮಾಳಿಗೆಯಲ್ಲಿತ್ತು. ಬಿಳಿ ದೀಪ, ಬಿಳಿ ಗೋಡೆ, ಉಗಿ ಉಗುಳುವ ಇಸ್ತ್ರಿಪೆಟ್ಟಿಗೆ. ಗೋಡೆಯ ಮೇಲಿನ ಗಡಿಯಾರವಂತೂ ತೇರಿನ ಚಕ್ರದಷ್ಟು ದೊಡ್ಡದು. ಇಸ್ತ್ರಿಗೆ ಆರು ಜನ, ಮಡಚುವುದಕ್ಕೆ ನಾಲ್ಕು ಜನ. ಎಲ್ಲರಿಗಿಂತ ಹಳಬಳು ನಮ್ಮ ಭಾಷೆಯವಳೇ, ಎಲ್ಲರೂ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು.

ಮೊದಲ ದಿನ ಸರಸರಕ್ಕನ ಮುಂದೆ ಬಟ್ಟೆಯ ಗುಡ್ಡವನ್ನೇ ತಂದು ಸುರಿದರು. ಹೊಸ ಜಾಗ, ಹೊಸ ಜನ. ಒಳ್ಳೆಯ ಹೆಸರು ತೆಗೆದುಕೊಳ್ಳಬೇಕು. ತಂಗಿಯ ಮಾನವನ್ನೂ ಉಳಿಸಬೇಕು. ಜೋಗುಳ ಗುನುಗುತ್ತ ಕೈ ಓಡಿಸಿದಳು ನೋಡಿ, ತನ್ನ ಗುಡ್ಡ ಕರಗಿಸಿ, ಪಕ್ಕದವರ ಗುಡ್ಡಕ್ಕೂ ಕೈಹಾಕಿದಳು. ಊಟವಾಗಿ ಸ್ವಲ್ಪ ಹೊತ್ತಿಗೆಲ್ಲ ಕೋಣೆಯಲ್ಲಿ ಒಂದು ಕರವಸ್ತ್ರವೂ ಉಳಿದಿರಲಿಲ್ಲ. ಮೇಲ್ವಿಚಾರಕಿ ಬಂದಳು, ಬೆರಗಾದಳು, ಸರಸರಕ್ಕನ ಬೆನ್ನು ತಟ್ಟಿದಳು. ಆಮೇಲೆ ಗಡಿಯಾರದ ಕಡೆ ತಿರುಗಿ ಏನೋ ಹೇಳಿದಳು. ಹೆಂಗಸರೆಲ್ಲ ಏಪ್ರನ್ ಬಿಚ್ಚಿ ಮನೆಗೆ ಹೊರಟರು.

ಬೇಗ ಬಿಟ್ಟರಲ್ಲ ಎಂದು ಸರಸರಕ್ಕನಿಗೆ ಹಿಗ್ಗು. ಎರಡನೆಯ ದಿನವೂ ಹಾಗೇ, ಮೂರನೆಯ ದಿನವೂ ಹಾಗೇ. ತಂಗಿ ಮುಖ ಊದಿಸಿಕೊಂಡಿದ್ದಳು, ಕೇಳಿದರೆ ತಲೆನೋವು ಎನ್ನುತ್ತಿದ್ದಳು. ತಾನೇ ಕರೆಸಿದ ಅಕ್ಕನಿಗೆ ಹೇಗೆ ತಾನೆ ಹೇಳಿಯಾಳು? ವಾರದ ಕೊನೆಗೆ ಕೂಲಿ ಕೈಗೆ ಬಂದಾಗ ಅದು ದಿನಕ್ಕೆ ಎಂಟು ಗಂಟೆಯ ಲೆಕ್ಕದಲ್ಲಿ ಬರಬೇಕಾದ್ದರ ಅರ್ಧಕ್ಕಿಂತ ಚೂರು ಮೇಲಿತ್ತು. ಸರಸರಕ್ಕನದು ಮಾತ್ರವಲ್ಲ, ಹತ್ತೂ ಜನರದ್ದು.

ದೊಡ್ಡಮ್ಮ ಮೆಟ್ಟಿಲ ಮೇಲೆ ಅವಳ ತೋಳು ಹಿಡಿದು ನಿಲ್ಲಿಸಿದಳು.

"ಏನಮ್ಮ ತಾಯಿ, ಮನೇಲಿ ಹಾಲು ಒಲೆ ಮೇಲಿಟ್ಟು ಬಂದಿದೀಯಾ?"

"ಇಲ್ಲ ದೊಡ್ಡಮ್ಮ, ಯಾಕೆ?"

"ಮತ್ಯಾಕೆ ಈ ಅವಸರ? ನೀನು ಸುಡ್ತಿರೋದು ನಮ್ಮ ಗಂಟೆಗಳನ್ನ. ಬಟ್ಟೆ ಮುಗಿದ್ರೆ ಗಂಟೆ ಮುಗೀತು. ಇಲ್ಲಿ ಬೇಗ ಮುಗಿಸಿದೋಳಿಗೆ ಬಹುಮಾನ ಅಂದ್ರೆ ಖಾಲಿ ಹೊಟ್ಟೆ."

"ಕೈ ಇರೋದೇ ಹಾಗೆ, ದೊಡ್ಡಮ್ಮ."

"ಹಾಗಾದ್ರೆ ಕೈಗೆ ಬುದ್ಧಿ ಹೇಳು. ನಿನ್ನ ತಂಗಿ ಮನೆ ಬಾಡಿಗೆ ಕಟ್ಟಬೇಕು, ಗೊತ್ತಿದೆಯಾ?"

ಬುದ್ಧಿ ಹೇಳಿದ ಕೂಡಲೇ ಕೇಳಲು ಕೈಯೇನು ಶಾಲೆಯ ಹುಡುಗಿಯೇ? ನಿಧಾನಿಸಲು ಹೋದರೆ ಭುಜ ಹಿಡಿದುಕೊಳ್ಳುತ್ತಿತ್ತು. ಸುಮ್ಮನೆ ನಿಂತರೆ ಕದ್ದು ತಿಂದಂತೆ ಮೈಯೆಲ್ಲ ನಾಚುತ್ತಿತ್ತು. ಕೊನೆಗೆ ಅವಳು ಜೋಗುಳವನ್ನೇ ಹಿಗ್ಗಿಸಿದಳು. ಕಾಲರಿಗೆ ಒಂದು ಸಾಲಲ್ಲ, ಒಂದು ಪೂರ್ತಿ ನುಡಿ. ಹಾಡು ಎಳೆದಂತೆ ಕೈಯೂ ನಿಧಾನವಾಯಿತು. ಆದರೆ ಅಷ್ಟು ಕಲಿಯುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿದ್ದವು. ಆ ನಾಲ್ಕು ತಿಂಗಳು ಮನೆಗೆ ಹೋದದ್ದು ಬಿಡಿಗಾಸು. ನರ್ಸಿಂಗ್ ಶಾಲೆಯ ಫೀಸು ಕಟ್ಟುವ ದಿನ ಕಾಯಲಿಲ್ಲ.

"ಅಮ್ಮ, ಬೇಜಾರು ಮಾಡ್ಕೋಬೇಡ," ಎಂದಳು ಮಗಳು ಫೋನಿನಲ್ಲಿ. "ಮುಂದಿನ ವರ್ಷ ಸೇರ್ತೀನಿ. ಅಲ್ಲೀವರೆಗೂ ನಿನ್ನ ಮೇಜು ಖಾಲಿ ಇದೆಯಲ್ಲ, ಅಲ್ಲೇ ನಿಂತ್ಕೊಂಡಿದೀನಿ."

ಸರಸರಕ್ಕ ಆ ರಾತ್ರಿ ಉಣ್ಣಲಿಲ್ಲ. ಮುಂದೆ ದುಡ್ಡು ಸರಿಯಾಗಿಯೇ ಹೋಯಿತು. ಅಷ್ಟರಲ್ಲಿ ವ್ಯಾನು ಕೆಟ್ಟಿತು, ಮನೆಯ ಮಾಡು ಸೋರಿತು. ಮುಂದಿನ ವರ್ಷ ಅದರ ಮುಂದಿನ ವರ್ಷವಾಯಿತು. ಇಷ್ಟರ ನಡುವೆ ಒಂದು ಸಂಗತಿಯನ್ನು ಅವಳು ಯಾರಿಗೂ ಹೇಳಲಿಲ್ಲ. ಮುಂಗೈಯ ಸುಟ್ಟ ಕಲೆಗಳು ಮಾಸಿದ್ದವು. ಬೆನ್ನು ನೋಯುತ್ತಿರಲಿಲ್ಲ. ಸಂಜೆ ಮನೆಗೆ ಬಂದರೆ ಇನ್ನೂ ಬಿಸಿಲಿರುತ್ತಿತ್ತು, ತಂಗಿಯ ಜೊತೆ ಮೆಟ್ಟಿಲ ಮೇಲೆ ಕೂತು ಹರಟಲು ಉಸಿರಿರುತ್ತಿತ್ತು. ಮಗಳನ್ನು ಬೆಂಕಿಗೆ ಒಡ್ಡಿ ತಾನು ನೆರಳಲ್ಲಿ ಕೂತೆನಲ್ಲ ಎಂದು ಆ ಸುಖವೇ ಅವಳನ್ನು ಚುಚ್ಚುತ್ತಿತ್ತು.

ಮೂರು ವರ್ಷದ ಕರಾರು ಮುಗಿಯಿತು, ವಾಪಸಾದಳು. ಯಜಮಾನ ಮಾತಿಗೆ ತಪ್ಪಲಿಲ್ಲ. ಬಾಗಿಲ ಮೇಜಿನಲ್ಲಿ ಮಗಳಿದ್ದಳು, ಪಕ್ಕದ ಮೇಜನ್ನು ತಾಯಿಗೆ ಬಿಟ್ಟುಕೊಟ್ಟ. ಸರಸರಕ್ಕನ ಲೆಕ್ಕ ಸರಳ: ಮೊದಲಿನ ಕೈಯಲ್ಲಿ ದುಡಿದರೆ ಈ ವರ್ಷ ಮಗಳನ್ನು ಮೇಜಿನಿಂದ ಬಿಡಿಸಿ ನರ್ಸಿಂಗ್ ಶಾಲೆಗೆ ಕಳಿಸಬಹುದು.

ಮೊದಲ ದಿನ ಸಂಜೆ ಎಣಿಸಿದಾಗ ಅವಳ ಅಂಗಿಗಳು ಮಗಳ ಅಂಗಿಗಳ ಅರ್ಧದಷ್ಟೂ ಇರಲಿಲ್ಲ. ಎರಡನೆಯ ದಿನ ಹಲ್ಲುಕಚ್ಚಿ ಅವಸರಿಸಿದಳು. ಯಾರದೋ ಮದುವೆಯ ಬಿಳಿ ಅಂಗಿಯ ಎದೆಯ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಮೂಗು ಮೂಡಿತು. ಅದರ ಬೆಲೆ ಕೂಲಿಯಲ್ಲಿ ಮುರಿದುಕೊಂಡರು.

ಯಜಮಾನ ಗದರಲಿಲ್ಲ. ತಮಾಷೆಯಾಗಿಯೇ ಕೇಳಿದ, "ಏನಕ್ಕ, ನಿಮ್ಮ ಕೈನ ಆ ದೇಶದಲ್ಲೇ ಅಡ ಇಟ್ಟು ಬಂದ್ರಾ?" ಕೋಣೆ ನಕ್ಕಿತು. ಸರಸರಕ್ಕನೂ ನಕ್ಕಳು. ಆಮೇಲೆ ಅವನು ದನಿ ತಗ್ಗಿಸಿದ. "ಈ ತಿಂಗಳು ನೋಡೋಣ. ಆಗಲಿಲ್ಲ ಅಂದ್ರೆ ಮೇಜಿಗೆ ಬೇರೆ ಯಾರಾದ್ರೂ... ನಿಮ್ಮ ಮಗಳಿದಾಳಲ್ಲ. ಥೇಟು ಹಳೇ ನೀವೇ."

ನಿಜ. ಸರಸರಕ್ಕ ಅಂದೇ ಮಗಳ ಕೈಯನ್ನು ಸರಿಯಾಗಿ ನೋಡಿದ್ದು. ಮುಂಗೈ ತುಂಬ ಸುಟ್ಟ ಕಲೆ, ಹಳೆಯದರ ಮೇಲೆ ಹೊಸದು. ನೋವಿಗೆಂದು ಸೊಂಟಕ್ಕೆ ಬಿಗಿದ ಬಟ್ಟೆ. ಕೈ ಮಾತ್ರ ಸರಸರ.

"ಒಂದು ಗಳಿಗೆ ಕೂತ್ಕೋ ಮಗ," ಎಂದಳು.

"ಕೂತ್ರೆ ಎರಡು ಅಂಗಿ ಹೋಗುತ್ತಮ್ಮ. ನೀನು ಕೂತ್ಕೋ. ನಿನ್ನ ಪಾಲಿಂದೂ ನಾನೇ ಎಳೆದುಬಿಡ್ತೀನಿ."

ತಾಯಿ ಕೂರಲಿಲ್ಲ. ಮುಂದಿನ ಅಂಗಿ ಹರಡಿಕೊಂಡು, ತನಗೇ ಅರಿವಿಲ್ಲದೆ ಗುನುಗತೊಡಗಿದಳು. ಹಿಗ್ಗಿದ ಜೋಗುಳ, ನೆಲಮಾಳಿಗೆಯಲ್ಲಿ ಕಲಿತ ನಿಧಾನದ್ದು. ಸ್ವಲ್ಪ ಹೊತ್ತಿಗೆ ಪಕ್ಕದ ಮೇಜಿನಿಂದ ಬರುತ್ತಿದ್ದ ಸದ್ದು ಬದಲಾಯಿತು. ತೊಟ್ಟಿಲಿನಲ್ಲಿ ಕೇಳಿದ ಹಾಡು. ಮಗಳ ಕೈ ಅದರ ಹಿಂದೆ ಹೋಗಿತ್ತು. ಭುಜ ಇಳಿದಿತ್ತು, ಮುಖ ಸಡಿಲಾಗಿತ್ತು. ಒಂದು ತೋಳಿನ ಮೇಲೆ ಕೈ ಉದ್ದಕ್ಕೆ, ಮೆತ್ತಗೆ ಸಾಗುತ್ತಿತ್ತು. ಮೂರು ವರ್ಷದಲ್ಲಿ ಮೊದಲ ಸಲ ತಾಯಿಗೆ ತಾನು ಬಿಟ್ಟುಹೋದ ಹುಡುಗಿ ಕಂಡಳು.

ಕಟ್ಟೆಯ ಕಡೆಯಿಂದ ಯಜಮಾನ ಕತ್ತು ಚಾಚಿ ಮಗಳ ಮೇಜಿನತ್ತ ನೋಡಿದ. ಅವಳ ಪಕ್ಕದ ಗಂಟು ಇನ್ನೂ ಬಿಚ್ಚದೆ ಹಾಗೇ ಇತ್ತು.

ಸರಸರಕ್ಕ ಹಾಡು ನಿಲ್ಲಿಸಿದಳು.