ಗುರುಗ್ರಹದ ಮುಂದೆ ನಡೆದ ಕಲ್ಲು

ಕಳೆದ ವಾರ ಬೆಳಗಿನ ಐದೂವರೆಯ ನಡಿಗೆಯಲ್ಲಿ ಹಾಸನದ ಮೈದಾನವೊಂದರ ಬಳಿ ಸುಣ್ಣದ ಪುಡಿಯ ವಾಸನೆ ಬಂತು. ಓಟದ ಪಂದ್ಯಕ್ಕೆ ಗೆರೆ ಎಳೆಯುತ್ತಿದ್ದರು. ನಡಿಗೆಯ ನಡುವೆ ನಾನು ಎಲ್ಲೂ ನಿಲ್ಲುವವನಲ್ಲ. ಅಂದು ನಿಂತೆ... ನಮ್ಮ ವಿಜ್ಞಾನದ ಮೇಷ್ಟ್ರು ನೆನಪಾದರು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹೊಳೆನರಸೀಪುರದಲ್ಲಿ ಹೈಸ್ಕೂಲು ಓದುತ್ತಿದ್ದೆ. ಮೇಷ್ಟ್ರು ದಂಡಿಗನಹಳ್ಳಿ ಕಡೆಯವರು. ಅವರ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ವರ್ಷ ತಪಾಸಣೆಗೆ ಬರುವ ಇನ್‌ಸ್ಪೆಕ್ಟರು ಏನು ಬರೆಯುತ್ತಾರೋ ಅದರ ಮೇಲೆ ಎಲ್ಲವೂ ನಿಂತಿತ್ತು. ಇದು ನಮಗೂ ಗೊತ್ತಿತ್ತು.

ಒಂದು ಮಧ್ಯಾಹ್ನ ಅವರು ಬಾವಿಯ ಹಗ್ಗ ಬಿಚ್ಚಿ ತಂದು, ಬಯಲಿನ ನಡುವೆ ಗೂಟ ನೆಟ್ಟು, ಇದು ಸೂರ್ಯ ಎಂದರು. ಗೂಟಕ್ಕೆ ಹಗ್ಗ ಕಟ್ಟಿ ಸುತ್ತಲೂ ಸುಣ್ಣದ ಗೆರೆ ಎಳೆದರು. ತರಗತಿಯ ದಡಿಯನನ್ನು ಗೆರೆಯ ಮೇಲೆ ಗುರುಗ್ರಹವಾಗಿ ನಿಲ್ಲಿಸಿದರು. ಅವನಿಂದ ಮುಂದಕ್ಕೆ, ಗೂಟದಿಂದ ಬಿಚ್ಚಿದ ಅದೇ ಹಗ್ಗವನ್ನು ಬಿಗಿಯಾಗಿ ಎಳೆದು, ತುದಿ ಗೆರೆಗೆ ತಾಗಿದಲ್ಲಿ ನನ್ನನ್ನು ನಿಲ್ಲಿಸಿದರು. ಗುರುವಿನ ದಾರಿಯಲ್ಲೇ ಅವನ ಮುಂದೆ ಸಾಗುವ ಕ್ಷುದ್ರಗ್ರಹಗಳು ನಿಜಕ್ಕೂ ಇವೆ; ನಾನು ಅಂಥ ಒಂದು ಕಲ್ಲು.

"ಒಂದೇ ಹೆಜ್ಜೇಲಿ ನಡೀರಿ. ಅವನು ನಿನ್ನ ಹಿಡಿಯಂಗಿಲ್ಲ, ನೀನು ಅವನ್ನ ಬಿಟ್ಟು ಓಗಂಗಿಲ್ಲ. ಕೋಟ್ಯಂತರ ವರ್ಷ ಇಂಗೇ ಕಣ್ರಪ್ಪ."

"ನಡುವೆ ಊಟಕ್ಕಾರ ಬಿಡ್ತಾರಾ ಸಾ?" ಎಂದ ದಡಿಯ. ಮೇಷ್ಟ್ರೂ ನಕ್ಕು, ಇನ್ನೊಂದು ಸುತ್ತು ಹಾಕಿಸಿದರು.

ತಪಾಸಣೆಗೆ ಮುಂಚೆ ಹೆಡ್ಮಾಸ್ಟರು ವಾರವಿಡೀ ಒಂದೇ ಮಾತು ಹೇಳಿದ್ದರು: ಉತ್ತರ ಪುಸ್ತಕದಲ್ಲಿರುವಂತೆಯೇ ಇರಬೇಕು. ನಾನು ಮಾನಿಟರು. ಹೇಳಿದ್ದನ್ನು ಮೀರಿದವನಲ್ಲ.

ತಪಾಸಣೆಯ ದಿನ, ಕ್ಷುದ್ರಗ್ರಹಗಳು ಎಲ್ಲಿವೆ ಎಂದು ಇನ್‌ಸ್ಪೆಕ್ಟರು ಕೇಳಿದರು. ಮಂಗಳ, ಗುರುಗಳ ನಡುವೆ ಎಂದು ತರಗತಿ ಒಟ್ಟಿಗೆ ಕೂಗಿತು. ದಡಿಯ ಎದ್ದ.

"ಗುರು ದಾರೀಲೂ ಅವೆ ಸಾ. ನಾನೇ ಗುರು ಆಗಿದ್ದೆ. ಇವ್ನು ಮುಂದ್ಗಡೆ ಕಲ್ಲು."

ಇನ್‌ಸ್ಪೆಕ್ಟರು ನಗಲಿಲ್ಲ. ನನ್ನತ್ತ ತಿರುಗಿದರು. "ಹೌದೇನೋ? ಒಂದೇ ದಾರೀಲಿ ಎರಡು ಹೋದ್ರೆ ಡಿಕ್ಕಿ ಹೊಡೆಯಲ್ವೇನೋ?"

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಹಗ್ಗದ ಅಳತೆ ನನಗೆ ಗೊತ್ತಿತ್ತು: ಅಷ್ಟು ದೂರ ಕಾಯ್ದುಕೊಂಡರೆ ಡಿಕ್ಕಿಯಾಗದು.

"ಪುಸ್ತಕದಲ್ಲಿ ಇಲ್ಲ ಸಾರ್" ಎಂದೆ.

ಈ ಮೇಷ್ಟ್ರು ಬಾಯಿಗೆ ಬಂದದ್ದು ಕಲಿಸುತ್ತಾರೆ ಎಂದು ಇನ್‌ಸ್ಪೆಕ್ಟರು ಬರೆದರಂತೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಮೇಷ್ಟ್ರು ಇರಲಿಲ್ಲ. ಅರಕಲಗೂಡಿನ ಯಾವುದೋ ಗೋದಾಮಿನಲ್ಲಿ ಮೂಟೆ ತೂಗಿಸುತ್ತಾರೆಂದು ಆಮೇಲೆ ಕೇಳಿದೆ. ಹೋಗಿ ಕಾಣಬೇಕೆಂದುಕೊಂಡೆ... ಅಷ್ಟರಲ್ಲಿ ನಾನೂ ಮೇಷ್ಟ್ರಾದೆ, ನಿವೃತ್ತನೂ ಆದೆ.

ಮೈದಾನದ ಬಳಿ ನಿಂತ ಮರುದಿನ ಅರಕಲಗೂಡಿಗೆ ಹೋದೆ. ವಿಚಾರಿಸುತ್ತ ಮನೆ ತಲುಪಿದೆ. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮಗಳು ಕುರ್ಚಿ ಹಾಕಿ, ಯಾರೆಂದು ಕೇಳಿದರು. ನಿಮ್ಮ ತಂದೆಯವರ ಶಿಷ್ಯ ಎಂದೆ.

"ಶಿಷ್ಯರಾ? ನಮ್ಮಪ್ಪ ಗೋಡೌನ್‌ನಲ್ಲಿದ್ದೋರು ಸಾ. ಪಾಠ ಗೀಠ ಎಲ್ಲಿ ಏಳ್ತಿದ್ರು? ನೀವು ಬೇರೆ ಯಾರ್ನೋ ಉಡುಕ್ಕೊಂಡ್ ಬಂದಿರ್ಬೇಕು."

ಅಲ್ಲ, ಅವರೇ ಎನ್ನಬಹುದಿತ್ತು. ಹಾಗೆಂದರೆ, ಮತ್ತೆ ಮೇಷ್ಟ್ರ ಕೆಲಸ ಯಾಕೆ ಬಿಟ್ಟರು ಎಂದು ಆಕೆ ಕೇಳುತ್ತಿದ್ದರು...

"ಇರಬಹುದು ತಾಯಿ" ಎಂದು ಎದ್ದೆ. ನಾಲ್ಕೂಕಾಲಿನ ಬಸ್ಸಿಗೆ ಹಾಸನಕ್ಕೆ ಬಂದೆ.