ಐದನೆಯ ಸಾಲು

ತಮಗೆ ವಿಚಿತ್ರ ಅನುಭವವಾಯಿತು ಎಂದು ಹೇಳಿಕೊಂಡು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ‘ನಿಮ್ಮ ಕಣ್ಣು ಸರಿಯಿಲ್ಲ, ಹೋಗಿ ತೋರಿಸಿಕೊಳ್ಳಿ’ ಎಂದುಬಿಡುತ್ತಿದ್ದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಅಳತೆಪಟ್ಟಿ ಸುಳ್ಳು ಹೇಳುವುದಿಲ್ಲ ಎಂಬಷ್ಟು ಬುದ್ಧಿ ಇದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ಯಾರನ್ನೂ ಕೇಳುವುದಿಲ್ಲ. ನನಗೇ ಅದರಿಂದ ಸಾಕುಸಾಕಾಗಿದೆ.

ಹದಿನಾಲ್ಕಕ್ಕೆ ಸೋದರಮಾವನ ಜೊತೆ ದಿಲ್ಲಿಗೆ ಬಂದು ಫೋಟೋ ಫ್ರೇಮ್ ಹಾಕುವ ಕೆಲಸ ಕಲಿತೆ. ಕರೋಲ್ ಬಾಗ್‌ನ ಗಲ್ಲಿಯಲ್ಲಿ ಸ್ವಂತ ಅಂಗಡಿ ಮಾಡಿದೆ. ದೇವರ ಪಟ, ಮದುವೆಯ ಫೋಟೋ, ತೀರಿಹೋದವರ ಫೋಟೋ, ಇದೇ ಕೆಲಸ. ಮಂಗಳಾ ಮೇಡಂ ನನ್ನಲ್ಲಿಗೆ ಬಂದದ್ದು ಬೇರೆ ಅಂಗಡಿಯವರ ತಪ್ಪಿನಿಂದ. ಅವರು ಕವಿ, ಚಿತ್ರವನ್ನೂ ಬರೆಯುತ್ತಾರೆ, ಚಿತ್ರದೊಳಗೇ ಪೆನ್ಸಿಲಿನಲ್ಲಿ ಕನ್ನಡದ ಕವಿತೆ ಬರೆಯುತ್ತಾರೆ. ಆ ಅಕ್ಷರ ಯಾವುದೆಂದು ತಿಳಿಯದೆ ಯಾರೋ ಒಂದು ಚಿತ್ರವನ್ನು ತಲೆಕೆಳಗಾಗಿ ಫ್ರೇಮ್ ಮಾಡಿಕೊಟ್ಟಿದ್ದರಂತೆ. ಕನ್ನಡ ಓದಬಲ್ಲ ಫ್ರೇಮಿನವನು ಇದ್ದಾನೆ ಎಂದು ಕೇಳಿ ನನ್ನನ್ನು ಹುಡುಕಿಕೊಂಡು ಬಂದರು.

ಅವರ ತಂದೆ ಕೇಂದ್ರ ಸರಕಾರದ ಕಚೇರಿಯಲ್ಲಿ ಗುಮಾಸ್ತರು. ಮೇಡಂ ಬೆಳೆದದ್ದು ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ, ಓದಿದ್ದು ಹಿಂದಿಯಲ್ಲಿ. ಕನ್ನಡ ಕಲಿಸಿದವರು ತಾಯಿ. ಕಚೇರಿಯೊಂದರಲ್ಲಿ ಅನುವಾದದ ಕೆಲಸ ಮಾಡುತ್ತ ಊರ ಕಡೆಯ ಪತ್ರಿಕೆಗಳಿಗೆ ಕವಿತೆ ಕಳಿಸುತ್ತಿದ್ದರು. ನಲವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಬಣ್ಣ ಹಿಡಿದರು. ನೆಂಟರೆಲ್ಲ ತಲೆ ಚಚ್ಚಿಕೊಂಡರಂತೆ. ನಾನೂ ಚಚ್ಚಿಕೊಂಡಿದ್ದೇನೆ, ಬೇರೆ ಕಾರಣಕ್ಕೆ. ಗಾಜು ಮಿನುಗಬಾರದು, ಮರ ಕಾಣಬಾರದು, ಮೊಳೆಯ ಸದ್ದಾಗಬಾರದು. ಅವರ ಒಂದು ಚಿತ್ರಕ್ಕೆ ಪಡುವ ಪಾಡಿನಲ್ಲಿ ಹತ್ತು ದೇವರನ್ನು ಕೂರಿಸಬಹುದು.

ಒಮ್ಮೆ ನನ್ನಿಂದಲೂ ತಪ್ಪಾಯಿತು. ಚಿತ್ರದ ಅಂಚಿನ ಸುತ್ತ ದಪ್ಪ ಬಿಳಿ ಹಾಳೆಯ ಪಟ್ಟಿ ಕೂರಿಸುತ್ತೇವೆ, ಅದಕ್ಕೆ ಮೌಂಟ್ ಎನ್ನುತ್ತಾರೆ. ಅದನ್ನು ಎರಡು ಬೆರಳು ಹೆಚ್ಚು ಅಗಲ ಕತ್ತರಿಸಿ ಅವರ ಕವಿತೆಯ ಕೊನೆಯ ಸಾಲನ್ನೇ ಮುಚ್ಚಿಬಿಟ್ಟೆ. ಕೊನೆಯೇ ಇಲ್ಲದ ಆ ಕವಿತೆಯನ್ನು ನೋಡಿ ಜನ ಬಹಳ ಚೆನ್ನಾಗಿ ಮುಗಿಸಿದ್ದೀರಿ ಎಂದು ಹೊಗಳಿದರಂತೆ. ಮೇಡಂ ಅಂಗಡಿಗೆ ಬಂದು ಬೈದದ್ದು ಗಲ್ಲಿಗೆಲ್ಲ ಕೇಳಿಸಿತು. ಅಂದಿನಿಂದ ಒಂದು ಕ್ರಮ ಮಾಡಿಕೊಂಡೆ. ಚಿತ್ರ ಕೈಗೆ ಬಂದ ಕೂಡಲೇ ಬೆರಳಿಟ್ಟು ಓದಿ, ಸಾಲು ಎಣಿಸಿ, ಲೆಕ್ಕವನ್ನು ಚೀಟಿಯಲ್ಲಿ ಬರೆದು, ಆಮೇಲೆಯೇ ಮೌಂಟಿಗೆ ಅಳತೆ ಹಾಕುವುದು.

ಮೆಟ್ರೋ ನಮ್ಮ ಕಡೆ ಓಡಲು ಶುರುವಾದ ಹೊಸತು. ಮೇಡಂಗೆ ಮೊದಲ ಬಾರಿ ದೊಡ್ಡ ಗ್ಯಾಲರಿಯಲ್ಲಿ ಪ್ರದರ್ಶನ. ಹನ್ನೆರಡು ಚಿತ್ರಗಳನ್ನು ಚೀಲದಲ್ಲಿ ತುಂಬಿ ತಂದು ನನ್ನಲ್ಲಿ ಬಿಟ್ಟು ಹೋದರು. ಚೀಲದ ತಳದಲ್ಲಿ ಅವರ ಡೈರಿಯೂ ಉಳಿದಿತ್ತು. ಕೊನೆಯ ಚಿತ್ರ ಕ್ವಾರ್ಟರ್ಸಿನ ಬಾಲ್ಕನಿಯದು, ಬಟ್ಟೆ ಒಣಹಾಕಿದ ಹಗ್ಗ. ಬೆರಳಿಟ್ಟು ಓದಿದೆ:

ಹಗ್ಗದ ಮೇಲೆ ಅಪ್ಪನ ಅಂಗಿ
ಅದರ ಪಕ್ಕಕ್ಕೆ ಅಮ್ಮನ ಸೀರೆ
ಮಾತು ಬಿಟ್ಟು ಎಷ್ಟು ದಿನವಾಯಿತೋ
ಗಾಳಿಗೆ ಎರಡೂ ತಾಗಿಕೊಳ್ಳುತ್ತಿವೆ
ಒಟ್ಟಿಗೇ ಮಡಚಿಟ್ಟೆ, ಯಾರಿಗೂ ಹೇಳಲಿಲ್ಲ

ಚೀಟಿಯಲ್ಲಿ ‘ಸಾಲು ಐದು’ ಎಂದು ಬರೆದೆ. ಮೌಂಟ್ ಕತ್ತರಿಸಿ, ಗಾಜು ಕೂರಿಸಿ, ಹಿಂದೆ ಖಾಕಿ ಕಾಗದ ಅಂಟಿಸಿದೆ.

ನಾಲ್ಕು ದಿನ ಬಿಟ್ಟು ಮೇಡಂ ನೋಡಲು ಬಂದರು. ಹಾಡುಹಗಲು. ಮೇ ತಿಂಗಳ ಬಿಸಿಲು ಬಾಗಿಲವರೆಗೆ ಬಿದ್ದಿತ್ತು.

“ಇದೇನ್ರೀ, ಕೆಳಗೆ ಇಷ್ಟೊಂದು ಜಾಗ ಖಾಲಿ?”

“ಎಲ್ಲಿ ಖಾಲಿ? ಕೊನೇ ಸಾಲು ಇದೆಯಲ್ಲ ಮೇಡಂ.”

“ಯಾವ ಕೊನೇ ಸಾಲು?”

ಬಗ್ಗಿ ನೋಡಿದೆ. ನಾಲ್ಕೇ ಸಾಲು. ಕೆಳಗೆ ಸರಿಯಾಗಿ ಒಂದು ಸಾಲಿನಷ್ಟು ಬರೀ ಕಾಗದ. ನಾನು ಆ ಸಾಲನ್ನು ಬಾಯಲ್ಲಿ ಹೇಳಿದೆ. ಮೇಡಂ ಸ್ಟೂಲಿನ ಮೇಲೆ ಕೂತುಬಿಟ್ಟರು.

“ಇದನ್ನ ನಿಮಗೆ ಯಾರು ಹೇಳಿದ್ರು?”

“ಯಾರು ಹೇಳ್ತಾರೆ? ನೀವೇ ಬರೆದಿದ್ರಿ.”

“ನಾನು ಬರೀಲಿಲ್ಲ. ಮೂರು ತಿಂಗಳು ಒಂದು ಸಾಲಿಗೆ ಹುಡುಕಾಡಿ, ಸಿಗದೆ ನಾಲ್ಕಕ್ಕೇ ಬಿಟ್ಟಿದ್ದೀನಿ.” ಆಮೇಲೆ ತಣ್ಣಗೆ ಕೇಳಿದರು. “ನನ್ನ ಡೈರಿ ಓದಿದ್ರಾ?”

ಹಳೆಯ ಫೋಟೋಗಳ ಹಿಂದೆ ಜನ ಏನೇನೋ ಅಡಗಿಸಿಟ್ಟಿರುತ್ತಾರೆ. ಎಷ್ಟೋ ಪತ್ರಗಳು ನನ್ನ ಕೈಗೆ ಬಿದ್ದಿವೆ. ಒಂದನ್ನೂ ಬಿಡಿಸಿ ನೋಡದೆ ಹಾಗೆಯೇ ಒಪ್ಪಿಸಿದವನು ನಾನು. ಅಂಥವನಿಗೆ ಈ ಮಾತು! ಸಿಟ್ಟಿನಲ್ಲಿ ಖಾಕಿ ಕಾಗದ ಹರಿದೆ. ಚಿತ್ರ ಹೊರಗೆ ತೆಗೆದು ಬಿಸಿಲಿಗೆ ಹಿಡಿದೆ. ರಬ್ಬರಿನಿಂದ ಉಜ್ಜಿದರೆ ಕಾಗದದ ನಯ ಹೋಗುತ್ತದೆ, ಅದು ನನ್ನ ಕಣ್ಣಿಗೆ ತಪ್ಪುವುದಿಲ್ಲ. ಅಲ್ಲಿ ಏನೂ ಇರಲಿಲ್ಲ. ಮೇಡಂ ಡೈರಿ ಎದೆಗವಚಿಕೊಂಡು ಎದ್ದು ಹೋದರು. ನನ್ನ ಸಹವಾಸದಲ್ಲಿ ಅಷ್ಟಿಷ್ಟು ಕನ್ನಡ ಕಲಿತಿದ್ದ ಎದುರಿಗಿನ ಚಹಾದ ಭಯ್ಯಾ ಎಲ್ಲ ಕೇಳಿಸಿಕೊಂಡಿದ್ದ. “ಕ್ಯಾ ಶಾಯರ್ ಸಾಬ್, ಕವಿತೆ ಕಟ್ಟೋಕೆ ಶುರು ಮಾಡಿದ್ಯಾ?” ಎಂದು ನಕ್ಕ. ಆ ಹೆಸರು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮೂರನೆಯ ದಿನ ಅವರೇ ಬಂದರು. “ಡೈರೀಲಿ ಇಲ್ಲ. ಎಲ್ಲೂ ಬರೆದಿಲ್ಲ. ತಪ್ಪಾಯ್ತು, ಮನಸ್ಸಿಗೆ ಹಚ್ಕೋಬೇಡಿ” ಎಂದರು. ಅವರಿಗೆ ಹತ್ತು ವರ್ಷವಿದ್ದಾಗ ಮನೆಯಲ್ಲಿ ಅಪ್ಪ ಅಮ್ಮ ಮಾತು ಬಿಟ್ಟಿದ್ದರಂತೆ. ಸಾಯಂಕಾಲ ಹಗ್ಗದಿಂದ ಬಟ್ಟೆ ತೆಗೆಯುವ ಕೆಲಸ ಇವರದು. ಅಪ್ಪನ ಅಂಗಿಯನ್ನು ಅಮ್ಮನ ಸೀರೆಯ ಒಳಗಿಟ್ಟು ಮಡಚಿ ಬೀರುವಿನಲ್ಲಿ ಇಡುತ್ತಿದ್ದರಂತೆ. ಈ ಮಾತನ್ನು ಇವತ್ತಿನವರೆಗೆ ಯಾರ ಹತ್ತಿರವೂ ಆಡಿಲ್ಲ ಎಂದರು.

ಕ್ಷಮೆ ಕೇಳಿದ ಮೇಲೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಡೈರಿಯಲ್ಲೂ ಇಲ್ಲ, ಕಾಗದದಲ್ಲೂ ಇಲ್ಲ ಅಂದರೆ ನಾನು ಬೆರಳಿಟ್ಟು ಓದಿದ್ದು ಎಲ್ಲಿಂದ?

ಮೇಡಂ ಪೆನ್ಸಿಲ್ ನನ್ನ ಮುಂದೆ ಹಿಡಿದರು. “ನೀವೇ ಓದಿದ್ದಲ್ವಾ, ನೀವೇ ಬರೀರಿ.”

“ನಂದು ಫ್ರೇಮಿನ ಕೆಲಸ ಮೇಡಂ. ಒಳಗಿಂದು ನಿಮ್ಮದು.”

ಅವರು ತಾವೇ ಬಗ್ಗಿದರು. ಪೆನ್ಸಿಲ್ ಕಾಗದದ ಮೇಲೆ ಬಹಳ ಹೊತ್ತು ನಿಂತಿತು, ಇಳಿಯಲಿಲ್ಲ. “ಬೇರೆಯವರ ಬಾಯಲ್ಲಿ ಕೇಳಿದ್ದನ್ನ ನನ್ನದು ಅಂತ ಹ್ಯಾಗೆ ಬರೀಲಿ? ಚಲೋ, ಹೀಗೇ ಇರಲಿ” ಎಂದರು. ಜಾಗ ಮುಚ್ಚಲು ಬೇರೆ ಮೌಂಟ್ ಹಾಕುತ್ತೇನೆ ಎಂದೆ. ಅದೂ ಬೇಡವಂತೆ. ಮುಗಿಯದ ಕವಿತೆಯ ಮೇಲೆ ನಾನು ಮತ್ತೆ ಗಾಜು ಕೂರಿಸಿದೆ. ನನ್ನ ಕೆಲಸ ಅರ್ಧಕ್ಕೆ ನಿಂತ ಹಾಗೆ ಕಾಣುತ್ತಿತ್ತು.

ಪ್ರದರ್ಶನದ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಆ ಚಿತ್ರದ ಮುಂದೆ ಒಬ್ಬ ಮಹಾಶಯರು ಖಾಲಿ ಜಾಗ ತೋರಿಸಿ, ಇದು ಕಲಾವಿದೆ ಬೇಕೆಂದೇ ಉಳಿಸಿದ ಮೌನ ಎಂದು ಹಿಂದಿಯಲ್ಲಿ ವಿವರಿಸುತ್ತಿದ್ದರು. ಅದು ನನ್ನ ಅಳತೆ ಸ್ವಾಮೀ ಎನ್ನಬೇಕೆನಿಸಿತು, ಹಲ್ಲು ಕಚ್ಚಿಕೊಂಡೆ.

ಅಷ್ಟರಲ್ಲಿ ಮೇಡಂ ತಮ್ಮ ತಾಯಿಯನ್ನು ಕೈಹಿಡಿದು ಕರೆತಂದರು. ಎಂಬತ್ತರ ಹತ್ತಿರದ ವಯಸ್ಸು. ಲಕ್ಷ್ಮೀ ನಗರದಲ್ಲಿ ಮಗಳ ಜೊತೆಗೇ ಇರುವವರು. ಅದುವರೆಗೆ ನಾನು ಅವರನ್ನು ಕಂಡವನಲ್ಲ. ಅವರು ಗಾಜಿನ ಮೇಲೆ ಬೆರಳಿಟ್ಟು ಓದಿದರು, ಥೇಟ್ ನನ್ನ ಹಾಗೆ. ಗಾಜೆಲ್ಲ ಕಲೆ. ನಾಲ್ಕನೆಯ ಸಾಲು ಮುಗಿಸಿದ ಬೆರಳು ಖಾಲಿ ಜಾಗಕ್ಕೆ ಇಳಿದು ನಿಂತಿತು.

“ಮಂಗಳಾ, ಒಟ್ಟಿಗೆ ಮಡಚಿಟ್ಟಿದ್ದು ಯಾಕೇ ಬರೀಲಿಲ್ಲ?”

ಮೇಡಂ ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

“ನಿಂಗೆ ಗೊತ್ತಿತ್ತಾ ಅಮ್ಮಾ?”

“ಗೊತ್ತಿಲ್ದೆ ಏನು? ಸೀರೆ ಬಿಡಿಸಿದ್ರೆ ಅವರ ಅಂಗಿ ಬೀಳ್ತಿತ್ತು. ಮತ್ತೆ ಹಾಗೇ ಮಡಚಿ ಇಡ್ತಿದ್ದೆ.”

ಮೇಡಂ ಅಲ್ಲೇ, ಅಷ್ಟು ಜನರ ಮುಂದೆ, ತಾಯಿಯ ಭುಜಕ್ಕೆ ಮುಖ ಒತ್ತಿಕೊಂಡು ಅತ್ತರು. ನಾನು ಹೊರಗೆ ಬಂದೆ.

ಈಗ ಮೇಡಂ ದೊಡ್ಡ ಹೆಸರು. ಫ್ರೇಮಿಗೆ ಇಂದಿಗೂ ನನ್ನಲ್ಲಿಗೇ ಬರುತ್ತಾರೆ, ಇಂದಿಗೂ ತಲೆ ತಿನ್ನುತ್ತಾರೆ. ಆ ಚಿತ್ರವನ್ನು ಮಾರಲಿಲ್ಲ, ಆ ಸಾಲನ್ನು ಬರೆಯಲೂ ಇಲ್ಲ. ತಾಯಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ಸರಿ. ಕರೋಲ್ ಬಾಗ್‌ನಲ್ಲಿ ಮೌಂಟ್ ಕತ್ತರಿಸುತ್ತ ಕೂತಿದ್ದ ನನಗೆ ಯಾಕೆ ಕಾಣಿಸಬೇಕಿತ್ತು? ಚೀಟಿ ಈಗಲೂ ಮೇಜಿನ ಡ್ರಾಯರಿನಲ್ಲಿದೆ. ನೀಲಿ ಪೆನ್ನು, ನನ್ನದೇ ಅಕ್ಷರ: ಸಾಲು ಐದು. ನಿಮ್ಮಲ್ಲಿ ಯಾರಾದರೂ ವಿವರಿಸಿದರೆ ಕೇಳಲು ಸಿದ್ಧ. ಕಣ್ಣು ಸರಿಯಿಲ್ಲ ಎಂದು ಮಾತ್ರ ಹೇಳಬೇಡಿ. ಆ ಮಾತನ್ನು ನಾನೇ ಬೇಕಾದಷ್ಟು ಜನರಿಗೆ ಹೇಳಿದ್ದೇನೆ.